ಭೂಕಂಪಗಳ ಪೂರ್ವವೃತ್ತಾಂತವೂ ಬಾವಿಯ ನೀರಿನ ಸಾಕ್ಷ್ಯವೂ

ಭೂಮಿಯು ಅಚಲವೆಂಬ ನಂಬಿಕೆಯ ಮೇಲೆಯೇ ರೈತನ ಸಮಸ್ತ ಉದ್ಯೋಗವೂ ನಿಂತಿರುವುದು. ಮಳೆಯು ಹಿಂದುಮುಂದಾಗಬಹುದು, ಪೈರಿಗೆ ರೋಗ ತಗಲಬಹುದು, ಧಾರಣೆಯು ಇಳಿಯಬಹುದು. ಆದರೆ ಹೊಲವು ಇದ್ದೆಡೆಯಲ್ಲಿಯೇ ಇರುವುದೆಂಬ ವಿಷಯದಲ್ಲಿಯೂ, ಬಾವಿಯು ತೋಡಿದ ಸ್ಥಳದಲ್ಲಿಯೇ ನೀರು ಕೊಡುವುದೆಂಬ ವಿಷಯದಲ್ಲಿಯೂ ಅವನಿಗೆ ಸಂದೇಹವಿರುವುದಿಲ್ಲ. ಈ ಭರವಸೆಯು ಬಹುಮಟ್ಟಿಗೆ ಸರಿಯಾದುದೇ. ಆದರೂ ಭೂಮಿಯು ಆಗಾಗ್ಗೆ ನಡುಗುವುದುಂಟು. ನಡುಗಿದಾಗ ಮನೆಗಳು ಬೀಳುವುದಲ್ಲದೆ, ಹೊಲದ ಮೇಲೆ ಮರಳು ಹರಡುವುದೂ, ಬಾವಿಗಳು ಬತ್ತುವುದೂ ಉಕ್ಕುವುದೂ, ಸಿಹಿನೀರು ಸವುಳಾಗುವುದೂ ಉಂಟು. ಇಂತಹ ಉತ್ಪಾತಗಳು ಯಾವ ಪ್ರಾಂತದಲ್ಲಿ ಹಿಂದೆ ಎಷ್ಟು ಸಲ ಆಗಿವೆ, ನೆಲದೊಳಗಿನ ನೀರು ಅವುಗಳಿಂದ ಹೇಗೆ ಮಾರ್ಪಡುವುದು ಎಂಬುದನ್ನು ಭೂಗರ್ಭಶಾಸ್ತ್ರಜ್ಞರು ಶೋಧಿಸುತ್ತಿರುವರು. ಆ ಶೋಧನೆಯ ರೀತಿಯನ್ನೂ, ಅದರಿಂದ ವ್ಯವಸಾಯಗಾರರು ಗ್ರಹಿಸತಕ್ಕ ಅಂಶಗಳನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಹಿಂದಿನದನ್ನು ಏಕೆ ತಿಳಿಯಬೇಕು?—ಭೂಕಂಪವನ್ನು ಅಳೆಯುವ ಯಂತ್ರಗಳು ಪ್ರಪಂಚದಲ್ಲಿ ಬಳಕೆಗೆ ಬಂದು ನೂರಮೂವತ್ತು ನೂರನಾಲ್ವತ್ತು ವರ್ಷಗಳಿಗಿಂತ ಹೆಚ್ಚಾಗಿಲ್ಲ. ಆದರೆ ಒಂದೇ ಸ್ಥಳದಲ್ಲಿ ಎರಡು ದೊಡ್ಡ ಭೂಕಂಪಗಳ ನಡುವೆ ಐನೂರು ಅಥವಾ ಸಾವಿರ ವರ್ಷಗಳು, ಕೆಲವು ಕಡೆ ಅದಕ್ಕೂ ಹೆಚ್ಚಿನ ಕಾಲ ಕಳೆಯಬಹುದು. ಆದುದರಿಂದ ಯಂತ್ರಗಳ ದಾಖಲೆಯನ್ನು ಮಾತ್ರ ನೋಡಿ “ಇಲ್ಲಿ ಭೂಕಂಪವಾಗಿಲ್ಲ, ಮುಂದೆಯೂ ಆಗದು” ಎಂದು ಹೇಳುವುದು, ಹತ್ತು ವರ್ಷದ ಮಳೆಯ ಲೆಕ್ಕವನ್ನು ನೋಡಿ ಆ ಸೀಮೆಗೆ ಕ್ಷಾಮವೇ ಬಾರದೆಂದು ಹೇಳಿದಂತೆ ಆಗುವುದು.

ಇದಕ್ಕೆ ನಿದರ್ಶನವು ಕನ್ನಡನಾಡಿನ ಗಡಿಗೆ ಸಮೀಪದಲ್ಲಿಯೇ ದೊರೆಯುವುದು. ದಕ್ಷಿಣ ಪ್ರಸ್ಥಭೂಮಿಯು ಬಹು ಪುರಾತನವಾದ, ಗಟ್ಟಿಯಾದ ಶಿಲೆಗಳಿಂದ ಕೂಡಿದುದಾದಕಾರಣ ಅಲ್ಲಿ ಪ್ರಬಲವಾದ ಭೂಕಂಪದ ಭಯವಿಲ್ಲವೆಂದು ಬಹುಕಾಲ ಭಾವಿಸಲಾಗಿತ್ತು. ಹೀಗಿರುವಲ್ಲಿ ೧೯೯೩ನೆಯ ಇಸವಿ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಸ್ವಲ್ಪ ಮೊದಲು, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಗ್ರಾಮದ ಬಳಿ ೬.೨ರಷ್ಟು ಪ್ರಮಾಣದ ಭೂಕಂಪವುಂಟಾಯಿತು. ನಿದ್ರೆಯಲ್ಲಿದ್ದ ಜನರ ಮೇಲೆ ಕಲ್ಲುಮಣ್ಣಿನ ಭಾರವಾದ ಗೋಡೆಗಳು ಬಿದ್ದು ಹತ್ತು ಸಾವಿರದ ಸಮೀಪದಷ್ಟು ಮಂದಿ ಮೃತರಾದರು. ಬೀದರ ಕಲಬುರಗಿಗಳಲ್ಲಿಯೂ ನಡುಕವು ಅನುಭವಕ್ಕೆ ಬಂದಿತು. ಅನಂತರ ಕಿಲ್ಲಾರಿಯ ಬಳಿ ಆಳವಾಗಿ ಕೊರೆದು ನೋಡಿದಾಗ, ಎರೆಮಣ್ಣಿನ ಕೆಳಗಿರುವ ಕಪ್ಪು ಬಸಾಲ್ಟ್ ಶಿಲೆಯ ಹೊದಿಕೆಯು ಸುಮಾರು ೧,೧೦೦ ಅಡಿಗಳಷ್ಟು ದಪ್ಪವಾಗಿರುವುದು ಕಂಡುಬಂದಿತು. ಬಿರುಕಿದ ಪುರಾತನ ಶಿಲೆಯು ಈ ಹೊದಿಕೆಯ ಅಡಿಯಲ್ಲಿ ಮರೆಯಾಗಿದ್ದುದರಿಂದ ಮೇಲಿನಿಂದ ನೋಡಿದವರಿಗೆ ಯಾವ ಸೂಚನೆಯೂ ತೋರಿರಲಿಲ್ಲ.

ಶಾಸ್ತ್ರಜ್ಞರು ಅಲ್ಲಿಂದ ವಾಯವ್ಯದಲ್ಲಿರುವ ತೇರ್ ಎಂಬ ಪ್ರಾಚೀನ ಪಟ್ಟಣದ ನೆಲೆಯನ್ನೂ ಪರೀಕ್ಷಿಸಿದರು. ಅಲ್ಲಿ ಮಣ್ಣಿನ ಪದರಗಳೂ ಹಳೆಯ ಇಟ್ಟಿಗೆಯ ಕಟ್ಟಡದ ಅವಶೇಷಗಳೂ ಸ್ಥಾನ ತಪ್ಪಿದ್ದ ಲಕ್ಷಣಗಳನ್ನು ಕಂಡು, ಸುಮಾರು ೧,೫೦೦ ವರ್ಷಗಳ ಹಿಂದೆ ಆ ಪ್ರಾಂತದಲ್ಲಿ ಭೂಕಂಪವಾಗಿರಬೇಕೆಂದು ಅಭಿಪ್ರಾಯಪಟ್ಟರು. ಜನರ ನೆನಪಿನಿಂದ ಸಂಪೂರ್ಣವಾಗಿ ಅಳಿದುಹೋದ ಸಂಗತಿಯನ್ನು ಮಣ್ಣು ಮರೆತಿರಲಿಲ್ಲ.

ಮಣ್ಣಿನಲ್ಲಿ ಉಳಿಯುವ ಗುರುತುಗಳು.—ಭೂಕಂಪವು ಮಣ್ಣಿನಲ್ಲಿ ಮುಖ್ಯವಾಗಿ ಎರಡು ವಿಧವಾದ ಗುರುತುಗಳನ್ನು ಬಿಡುವುದು. ಮೊದಲನೆಯದು ಸ್ತರಭಂಗ. ಶಿಲೆಯು ಒಂದು ಬಿರುಕಿನ ಗುಂಟ ಸೀಳಿ, ಒಂದು ಪಾರ್ಶ್ವವು ಮೇಲಕ್ಕೋ ಕೆಳಕ್ಕೋ ಪಕ್ಕಕ್ಕೋ ಜರುಗಿದಾಗ, ಮೇಲಿನ ಮಣ್ಣಿನ ಪದರಗಳೂ ಅದರೊಡನೆ ತುಂಡಾಗುವುವು. ಎರಡನೆಯದು ಮರಳಿನ ಉಕ್ಕು. ನದಿಯ ಮೈದಾನಗಳಲ್ಲಿ ಮೇಲೆ ರೇವೆ ಮಣ್ಣಿದ್ದು, ಕೆಳಗೆ ನೀರಿನಿಂದ ತುಂಬಿದ ಸಡಿಲವಾದ ಮರಳಿರುವುದು ಸಾಮಾನ್ಯ. ನೆಲವು ಬಲವಾಗಿ ಅಲುಗಿದಾಗ ಮರಳಿನ ಕಣಗಳು ಒತ್ತಾಗಿ ಕೂಡಲು ಹವಣಿಸುವುವು; ನಡುವಣ ನೀರಿಗೆ ಹೋಗಲು ದಾರಿಯಿಲ್ಲದೆ ಅದರ ಒತ್ತಡವು ಹೆಚ್ಚಿ, ಮರಳು ತನ್ನ ಬಿಗಿಯನ್ನು ಕಳೆದುಕೊಂಡು ಅಂಬಲಿಯಂತಾಗುವುದು. ಆಗ ಅದು ಮೇಲಿನ ಮಣ್ಣನ್ನು ಸೀಳಿಕೊಂಡು ನೀರಿನೊಡನೆ ಹೊರಕ್ಕೆ ಚಿಮ್ಮುವುದು.

೧೯೩೪ನೆಯ ಇಸವಿ ಜನವರಿ ೧೫ರಂದು ಬಿಹಾರದಲ್ಲಿಯೂ ನೇಪಾಳದಲ್ಲಿಯೂ ಆದ ಮಹಾಭೂಕಂಪದಲ್ಲಿ ಇದರ ಪರಿಣಾಮವನ್ನು ರೈತರು ಕಣ್ಣಾರೆ ಕಂಡರು. ಉತ್ತರ ಬಿಹಾರದಲ್ಲಿ ಸುಮಾರು ೧೯೦ ಮೈಲಿ ಉದ್ದ, ೪೦ ಮೈಲಿ ಅಗಲದ ಪ್ರದೇಶದಲ್ಲಿ ನೆಲವು ಕುಸಿಯಿತು. ಬಿರುಕುಗಳಿಂದ ನೀರೂ ಮರಳೂ ಎದ್ದು ಸಾಗುವಳಿಯ ಭೂಮಿಯ ಮೇಲೆ ಹರಡಿದುವು. ಬಾವಿಗಳು ಅಡಿಯಿಂದ ಮರಳು ತುಂಬಿ ಹೂತುಹೋದುವು. ಮನೆ ಕಳೆದುಕೊಂಡವನು ಗುಡಿಸಲು ಹಾಕಿಕೊಳ್ಳಬಹುದು. ಆದರೆ ಬಾವಿ ಮುಚ್ಚಿ, ಹೊಲದ ಮೇಲೆ ಮರಳು ಕೂತ ಊರಿಗೆ ಕುಡಿಯುವ ನೀರಿಗೂ ಮುಂದಿನ ಬೆಳೆಗೂ ದಾರಿಯೇನು? ಈ ಕಾರಣದಿಂದಲೇ ಅಲ್ಲಿ ಪರಿಹಾರದ ಕೆಲಸಗಳಲ್ಲಿ ಬಾವಿಗಳ ಮರಳು ತೆಗೆಸುವುದೂ ಹೊಲಗಳನ್ನು ಹಸನುಮಾಡುವುದೂ ಮುಖ್ಯವಾದುವು.

ಹೀಗೆ ಮರಳು ಏರಿದ ಬಿರುಕು ನೆಲದೊಳಗೆ ಗೋಡೆಯಂತೆ ಉಳಿಯುವುದು. ವರುಷ ವರುಷವೂ ಬರುವ ಪ್ರವಾಹವು ಅದರ ಮೇಲೆ ಹೊಸ ಮೆಕ್ಕಲು ಮಣ್ಣನ್ನು ಹಾಸುವುದು. ನೂರಾರು ವರ್ಷಗಳ ತರುವಾಯ ಹೊಳೆಯ ದಡವು ಕೊರೆದಾಗಲೋ, ಪರೀಕ್ಷಾರ್ಥವಾಗಿ ಕಂದಕವನ್ನು ತೋಡಿದಾಗಲೋ ಆ ಮರಳಿನ ಗೋಡೆಯು ಕಾಣಿಸಿಕೊಳ್ಳುವುದು.

ಕಾಲನಿರ್ಣಯದ ಕ್ರಮ.—ಬಿರುಕು ಬಿಟ್ಟ ಮನೆಯ ಗೋಡೆಗೆ ಸುಣ್ಣ ಬಳಿದಿದ್ದರೆ, ಬಿರುಕಿಗೆ ಮೊದಲು ಬಳಿದ ಸುಣ್ಣವು ಗೋಡೆಯೊಡನೆ ಸೀಳಿರುವುದು. ಬಿರುಕಿನ ತರುವಾಯ ಬಳಿದುದು ಅದನ್ನು ಮುಚ್ಚಿ ಅಖಂಡವಾಗಿರುವುದು. ಈ ಎರಡು ಸುಣ್ಣಗಳನ್ನು ಬಳಿದ ಕಾಲವು ತಿಳಿದಿದ್ದರೆ ಬಿರುಕು ಆ ಎರಡರ ನಡುವಿನ ಕಾಲದಲ್ಲಿ ಆಯಿತೆಂದು ಯಾರಾದರೂ ಹೇಳಬಹುದು. ಕಂದಕದ ಪಾರ್ಶ್ವಗಳನ್ನು ನೋಡುವ ಭೂಗರ್ಭಶಾಸ್ತ್ರಜ್ಞನೂ ಮಾಡುವುದು ಇದನ್ನೇ. ಯಾವ ಪದರವು ಸೀಳಿದೆಯೋ ಅದು ಭೂಕಂಪಕ್ಕಿಂತ ಹಳೆಯದು. ಯಾವ ಪದರವು ಬಿರುಕಿನ ಮೇಲೆ ಸೀಳದೆ ಹಾಸಿದೆಯೋ ಅದು ಹೊಸದು.

ಪದರಗಳ ವಯಸ್ಸನ್ನು ತಿಳಿಯಲು ಅವುಗಳಲ್ಲಿ ಸಿಕ್ಕಿರುವ ಇದ್ದಲು, ಮರದ ತುಂಡು, ಚಿಪ್ಪು ಮೊದಲಾದುವನ್ನು ಪರೀಕ್ಷಿಸುವರು. ಬದುಕಿರುವ ಪ್ರತಿಯೊಂದು ಗಿಡವೂ ಪ್ರಾಣಿಯೂ ರೇಡಿಯೋ ಇಂಗಾಲವೆಂಬ ಪದಾರ್ಥವನ್ನು ಅತ್ಯಲ್ಪವಾಗಿ ಹೊಂದಿರುವುದು. ಜೀವ ಹೋದ ಮೇಲೆ ಅದು ಹೊಸದಾಗಿ ಸೇರದೆ, ೫,೭೩೦ ವರ್ಷಗಳಲ್ಲಿ ಅರ್ಧದಷ್ಟಾಗುವ ಲೆಕ್ಕದಲ್ಲಿ ಕ್ಷಯಿಸುವುದು. ಉಳಿದಿರುವ ಭಾಗವನ್ನು ಅಳೆದರೆ ಗಿಡವು ಸತ್ತ ಕಾಲವು ಗೊತ್ತಾಗುವುದು. ಇದ್ದಲು ಸಿಕ್ಕದೆಡೆಯಲ್ಲಿ ಮರಳಿನ ಕಣವನ್ನೇ ಪರೀಕ್ಷಿಸಿ, ಅದು ಕೊನೆಯ ಬಾರಿಗೆ ಸೂರ್ಯನ ಬೆಳಕನ್ನು ಕಂಡು ಎಷ್ಟು ಕಾಲವಾಯಿತೆಂದು ನಿರ್ಣಯಿಸುವ ವಿಧಾನವೂ ಇರುವುದು.

೧೮೯೭ರ ಜೂನ್ ೧೨ರಂದು ಮಹಾಭೂಕಂಪಕ್ಕೆ ಗುರಿಯಾದ ಶಿಲ್ಲಾಂಗ್ ಪ್ರಸ್ಥಭೂಮಿಯ ಸುತ್ತಣ ಹೊಳೆಗಳ ದಡಗಳಲ್ಲಿ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾಲಯದವರು ಈ ಕ್ರಮದಿಂದ ಪರೀಕ್ಷೆ ನಡೆಸಿದರು. ಅಲ್ಲಿ ಮರಳಿನ ಗೋಡೆಗಳೂ ಹೂತುಹೋದ ಮರಗಳೂ ಸಿಕ್ಕಿ, ೧೮೯೭ಕ್ಕೆ ಹಿಂದೆಯೂ ಅಂತಹ ಉತ್ಪಾತಗಳು ಆಗಿದ್ದುವೆಂದೂ, ಅವುಗಳ ನಡುವಣ ಅಂತರವು ಸುಮಾರು ೪೦೦ರಿಂದ ೬೦೦ ವರ್ಷಗಳೆಂದೂ ಅವರು ಗಣಿಸಿದರು. ಇಂತಹ ಗಣನೆಯಿಂದ ದಿನವನ್ನು ಹೇಳಲಾಗದು. ಆದರೆ ಸೇತುವೆ, ಅಣೆಕಟ್ಟು, ಶಾಲೆಗಳನ್ನು ಎಷ್ಟು ದೃಢವಾಗಿ ಕಟ್ಟಬೇಕೆಂಬುದನ್ನು ನಿರ್ಣಯಿಸಬಹುದು.

ನೀರಿನ ದಾರಿ ತಪ್ಪಿದ ಕಚ್ಛದ ದೃಷ್ಟಾಂತ.—ಭೂಕಂಪದ ಪರಿಣಾಮವು ಮಣ್ಣಿನಲ್ಲಿ ಮಾತ್ರ ನಿಲ್ಲದೆ ನೀರಿನ ಗುಣಕ್ಕೂ ತಟ್ಟುವುದೆಂಬುದಕ್ಕೆ ಕಚ್ಛದೇಶದ ಚರಿತ್ರೆಯು ಸ್ಪಷ್ಟವಾದ ದೃಷ್ಟಾಂತ. ಅಲ್ಲಿನ ಲಖಪತ್ ಸೀಮೆಗೆ ಹಿಂದೆ ಸಿಂಧೂ ನದಿಯ ಪೂರ್ವದ ಕವಲಿನಿಂದ ಸಿಹಿನೀರು ಬರುತ್ತಿತ್ತು. ಆ ನೀರಿನಿಂದ ಬತ್ತವನ್ನು ಬೆಳೆಯುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಸಿಂಧದ ಅರಸರು ಮೇಲ್ಗಡೆ ಒಡ್ಡುಗಳನ್ನು ಹಾಕಿಸಿದುದರಿಂದ ಆ ನೀರು ಕ್ಷೀಣಿಸಿತು. ತರುವಾಯ ೧೮೧೯ನೆಯ ಇಸವಿ ಜೂನ್ ೧೬ರಂದು ಸಂಭವಿಸಿದ ಮಹಾಭೂಕಂಪದಲ್ಲಿ, ರಣದ ನಡುವೆ ಸುಮಾರು ೫೦ ಮೈಲಿ ಉದ್ದದ ನೆಲವು ದಿಬ್ಬದಂತೆ ಮೇಲೆದ್ದಿತು. ಕೆಲವೆಡೆ ಅದರ ಎತ್ತರವು ೧೦ರಿಂದ ೨೦ ಅಡಿಗಳಷ್ಟಿತ್ತು. ಮನುಷ್ಯರು ಹಾಕಿದ ಒಡ್ಡುಗಳಿಂದ ಇದನ್ನು ಬೇರೆಮಾಡಿ ಹೇಳಲು ಜನರು ಇದಕ್ಕೆ ‘ಅಲ್ಲಾ ಬಂದ್’, ಎಂದರೆ ದೇವರ ಒಡ್ಡು, ಎಂದು ಹೆಸರಿಟ್ಟರು. ದಿಬ್ಬದ ದಕ್ಷಿಣದ ನೆಲವು ಕುಸಿದು ಸಮುದ್ರದ ನೀರು ನುಗ್ಗಿತು. ಅಲ್ಲಿದ್ದ ಸಿಂದ್ರಿಯ ಕೋಟೆಯು ಮುಳುಗಿ ಸುತ್ತಲೂ ಉಪ್ಪುನೀರಿನ ಸರೋವರವಾಯಿತು.

ಏಳು ವರ್ಷಗಳ ತರುವಾಯ, ೧೮೨೬ರಲ್ಲಿ, ಸಿಂಧೂ ನದಿಯ ಪ್ರವಾಹವು ಮೇಲಿನ ಒಡ್ಡುಗಳನ್ನು ಒಡೆದು, ಅಲ್ಲಾ ಬಂದನ್ನೂ ಕೊರೆದು ಸಿಂದ್ರಿಯ ಸರೋವರಕ್ಕೆ ಇಳಿಯಿತು. ಸ್ವಲ್ಪಕಾಲ ಅಲ್ಲಿ ಸಿಹಿನೀರು ಕಾಣಿಸಿತು. ಆದರೆ ಹಳೆಯ ಸಾಗುವಳಿಯು ಮರಳಿ ಬರಲಿಲ್ಲ. ಒಂದು ಸೀಮೆಯ ಬೇಸಾಯವು ಮಣ್ಣಿನ ದೋಷದಿಂದಲ್ಲ, ನೀರಿನ ದಾರಿ ತಪ್ಪಿದುದರಿಂದ ಹಾಳಾಯಿತೆಂಬುದು ಇದರಿಂದ ವಿಶದವಾಗುವುದು. ಅದೇ ಕಚ್ಛದಲ್ಲಿ ೨೦೦೧ನೆಯ ಇಸವಿ ಜನವರಿ ೨೬ರಂದು ಮತ್ತೊಂದು ಸ್ತರಭಂಗದ ಮೇಲೆ ಮಹಾಭೂಕಂಪವಾಗಿ ಹದಿಮೂರು ಸಾವಿರಕ್ಕೂ ಹೆಚ್ಚು ಜನರು ಮೃತರಾದರು. ಆಗಲೂ ಸಾವಿರಾರು ಚದರ ಮೈಲಿಗಳ ಪ್ರದೇಶದಲ್ಲಿ ಮರಳೂ ನೀರೂ ಉಕ್ಕಿದುವು. ರಣದಲ್ಲಿ ಬತ್ತಿಹೋಗಿದ್ದ ಹಳೆಯ ಹೊಳೆಗಳ ಪಾತ್ರಗಳಲ್ಲಿ ನೀರು ತೋರಿತು. ಈ ನೀರು ನೆಲದಡಿಯಿಂದ ಹಿಂಡಲ್ಪಟ್ಟು ಬಂದುದೇ ಹೊರತು ಹೊಸ ಊಟೆಯಲ್ಲವಾದುದರಿಂದ ಬೇಗನೆ ಆರಿಹೋಗಿ ಉಪ್ಪಿನ ಕಲೆಯನ್ನು ಉಳಿಸಿತು.

ನೀರಿನ ಗುಣವು ಮಾರ್ಪಡುವ ಬಗೆ.—ಮೇಲೆ ಹೇಳಿದುದು ಕಣ್ಣಿಗೆ ಕಾಣುವ ಬದಲಾವಣೆ. ಕಣ್ಣಿಗೆ ಕಾಣದೆ, ರಸಾಯನ ಪರೀಕ್ಷೆಯಿಂದ ಮಾತ್ರ ತಿಳಿಯತಕ್ಕ ಬದಲಾವಣೆಗಳೂ ಉಂಟು. ಮಳೆಯ ನೀರು ನೆಲಕ್ಕೆ ಇಂಗುವಾಗ ಬಹುಮಟ್ಟಿಗೆ ಶುದ್ಧವಾಗಿರುವುದು. ಅದು ಶಿಲೆಯ ಸಂದುಗಳಲ್ಲಿ ಸಂಚರಿಸುತ್ತ ಅಲ್ಲಲ್ಲಿನ ಖನಿಜಗಳನ್ನು ಕರಗಿಸಿಕೊಂಡು ಸುಣ್ಣ, ಉಪ್ಪು, ಗಂಧಕದ ಲವಣ, ಫ್ಲೋರೈಡು ಮೊದಲಾದುವನ್ನು ಪಡೆಯುವುದು. ಮೇಲಿನ ಸಂದುಗಳ ನೀರು ಹೊಸದು, ಹಗುರವಾದುದು. ಆಳದ ನೀರು ನೂರಾರು, ಕೆಲವು ಕಡೆ ಸಾವಿರಾರು ವರ್ಷಗಳಿಂದ ಕಲ್ಲಿನ ಸಹವಾಸದಲ್ಲಿದ್ದು ಲವಣಗಳಿಂದ ಕೂಡಿದುದು. ಇದ್ದಲಿನ ವಯಸ್ಸನ್ನು ತಿಳಿಯುವ ರೇಡಿಯೋ ಇಂಗಾಲದ ಕ್ರಮದಿಂದಲೇ ಈ ನೀರಿನ ವಯಸ್ಸನ್ನೂ ಅಂದಾಜು ಮಾಡುವರು.

ಒಂದೇ ಊರಿನ ಕೆಳಗೆ ಹೀಗೆ ಬೇರೆಬೇರೆ ಗುಣದ ನೀರುಗಳು ಅಂತಸ್ತುಗಳಂತೆ ಇರಬಹುದು. ನಡುವೆ ಬಿರುಕಿಲ್ಲದ ಗಟ್ಟಿಯಾದ ಕಲ್ಲು ಅವುಗಳನ್ನು ಅಗಲಿಸಿರುವುದು. ಭೂಕಂಪದ ಒತ್ತಡದಿಂದ ನಡುವಣ ಕಲ್ಲಿನಲ್ಲಿ ಬಿರುಕು ಬಿಟ್ಟರೆ ಈ ನೀರುಗಳು ಒಂದರೊಡನೊಂದು ಬೆರೆಯುವುವು. ಹೊಸದಾಗಿ ಸೀಳಿದ ಕಲ್ಲಿನ ಮುಖದಿಂದಲೂ ಖನಿಜಗಳು ಬೇಗನೆ ಕರಗುವುವು. ಶಿಲೆಯಲ್ಲಿ ಅಡಗಿದ್ದ ರೇಡಾನ್ ಎಂಬ ಅನಿಲವು ಬಿಡುಗಡೆಯಾಗಿ ನೀರನ್ನು ಸೇರುವುದು. ಆದುದರಿಂದ ನೀರಿನ ಪರೀಕ್ಷೆಯು ಕಣ್ಣಿಗೆ ಕಾಣದ ಶಿಲೆಯ ಸ್ಥಿತಿಯನ್ನು ತಿಳಿಸುವ ನಾಡಿಯಂತೆ ಇರುವುದು.

ಜಪಾನಿನ ಸೀಸೆಗಳು.—ಜಪಾನ್ ದೇಶದ ಕೋಬೆ ಪಟ್ಟಣದಲ್ಲಿ ೧೯೯೫ನೆಯ ಇಸವಿ ಜನವರಿ ೧೭ರಂದು ಭೂಕಂಪವಾಗಿ ಆರು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಆ ಪ್ರಾಂತದ ಬಾವಿಗಳ ನೀರನ್ನು ಸೀಸೆಗಳಲ್ಲಿ ತುಂಬಿ ಕುಡಿಯುವುದಕ್ಕಾಗಿ ಮಾರುವ ವ್ಯಾಪಾರವಿತ್ತು. ಭೂಕಂಪವು ಕಳೆದ ಮೇಲೆ ಇಬ್ಬರು ರಸಾಯನ ವಿದ್ವಾಂಸರು, ಹಿಂದಿನ ಬೇರೆಬೇರೆ ದಿನಗಳಲ್ಲಿ ತುಂಬಿದ ಸೀಸೆಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ೧೯೯೪ರ ಆಗಸ್ಟ್ ತಿಂಗಳಿನಿಂದಲೇ ನೀರಿನಲ್ಲಿ ಕ್ಲೋರೈಡಿನ ಅಂಶವು ಮೆಲ್ಲಮೆಲ್ಲನೆ ಏರುತ್ತ ಬಂದು, ಭೂಕಂಪಕ್ಕೆ ಮುಂಚೆ ನೂರಕ್ಕೆ ಹತ್ತರಷ್ಟು ಹೆಚ್ಚಿದ್ದುದು ತಿಳಿದುಬಂದಿತು. ಗಂಧಕದ ಲವಣವೂ ಏರಿದ್ದಿತು. ಅದೇ ಪ್ರಾಂತದ ಇನ್ನೊಂದು ಬಾವಿಯಲ್ಲಿ ರೇಡಾನ್ ಅನಿಲವು ಭೂಕಂಪಕ್ಕೆ ಹಿಂದಿನ ತಿಂಗಳುಗಳಲ್ಲಿ ಹಲವು ಪಟ್ಟು ಹೆಚ್ಚಿದ್ದುದನ್ನು ಮತ್ತೊಂದು ಮಂಡಲಿಯವರು ದಾಖಲೆಮಾಡಿದ್ದರು. ಸೀಸೆಗಳ ಮೇಲೆ ತಾರೀಖು ಇರದಿದ್ದ ಪಕ್ಷದಲ್ಲಿ ಆ ನೀರಿನಿಂದ ಏನೂ ತಿಳಿಯುತ್ತಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಐಸ್‌ಲೆಂಡ್ ದ್ವೀಪದ ಉತ್ತರ ಭಾಗದಲ್ಲಿ ಇದೇ ವಿಷಯವನ್ನು ಮೊದಲೇ ಯೋಚಿಸಿ ನಡೆಸಿದರು. ಅಲ್ಲಿ ಹುಸಾವಿಕ್ ಎಂಬ ಊರಿನ ಬಳಿ ೨೦೦೨ರಲ್ಲಿ ಆದ ಭೂಕಂಪದ ಸಂದರ್ಭದಲ್ಲಿ ಬಾವಿಯ ನೀರಿನ ಗುಣವು ವ್ಯತ್ಯಾಸವಾದುದನ್ನು ಕಂಡಿದ್ದ ಶಾಸ್ತ್ರಜ್ಞರು, ಮುಂದೆ ವರ್ಷಗಟ್ಟಲೆ ವಾರವಾರವೂ ನೀರನ್ನು ತೆಗೆದು ಪರೀಕ್ಷಿಸಿದರು. ೨೦೧೨ರಲ್ಲಿಯೂ ೨೦೧೩ರಲ್ಲಿಯೂ ಅಲ್ಲಿ ಐದೂವರೆಯಷ್ಟು ಪ್ರಮಾಣದ ಭೂಕಂಪಗಳಾದುವು. ಎರಡು ಸಲವೂ ಕೆಲವು ತಿಂಗಳು ಮೊದಲೇ ನೀರಿನಲ್ಲಿ ಸೋಡಿಯಂ ಮೊದಲಾದುವುಗಳ ಪ್ರಮಾಣವು ಏರಿದ್ದಿತು.

ಕೊಯ್ನಾ ಪ್ರಾಂತದ ಅನುಭವ.—ಭಾರತದಲ್ಲಿ ಈ ಬಗೆಯ ಪರೀಕ್ಷೆಗೆ ಪ್ರಸಿದ್ಧವಾದ ಸ್ಥಳವು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕೊಯ್ನಾ. ಕೃಷ್ಣೆಯ ಉಪನದಿಯಾದ ಕೊಯ್ನೆಗೆ ಸುಮಾರು ೩೪೦ ಅಡಿ ಎತ್ತರದ ಅಣೆಕಟ್ಟನ್ನು ಕಟ್ಟಿ ನೀರು ನಿಲ್ಲಿಸಿದ ಮೇಲೆ ಸಣ್ಣ ನಡುಕಗಳು ಆರಂಭವಾದುವು. ೧೯೬೭ರ ಡಿಸೆಂಬರಿನಲ್ಲಿ ೬.೩ರಷ್ಟು ಪ್ರಮಾಣದ ಭೂಕಂಪವಾಗಿ ನೂರೈವತ್ತಕ್ಕೂ ಹೆಚ್ಚು ಜನರು ಮೃತರಾದರು. ಜಲಾಶಯದ ನೀರಿನ ಭಾರವೂ, ಆ ನೀರು ಬಿರುಕುಗಳಿಗೆ ಇಳಿದು ಉಂಟುಮಾಡುವ ಒತ್ತಡವೂ, ಮೊದಲೇ ಬಿಗಿದು ನಿಂತಿದ್ದ ಶಿಲೆಯನ್ನು ಜಾರಿಸಿದುವೆಂದು ವಿದ್ವಾಂಸರ ಅಭಿಪ್ರಾಯ. ಅಲ್ಲಿ ನಡುಕಗಳು ತರುವಾಯವೂ ನಿಲ್ಲದಿರುವುದರಿಂದ, ಹೈದರಾಬಾದಿನ ಸಂಶೋಧನಾಲಯದವರು ಸುತ್ತಲೂ ೨೧ ಕೊಳವೆಬಾವಿಗಳನ್ನು ಕೊರೆಸಿ ನೀರಿನ ಮಟ್ಟವನ್ನು ಸತತವಾಗಿ ಅಳೆಯುವ ಏರ್ಪಾಡು ಮಾಡಿದರು. ನೀರಿನ ಗುಣವನ್ನೂ ಕಾಲಕಾಲಕ್ಕೆ ಪರೀಕ್ಷಿಸುತ್ತ ಬಂದಿದ್ದುದರಿಂದ, ೨೦೦೫ರ ಮಾರ್ಚಿಯಲ್ಲಿ ೫.೧ ಪ್ರಮಾಣದ ಭೂಕಂಪವಾದಾಗ ಕೆಲವು ಬಾವಿಗಳ ಲವಣಾಂಶವು ವ್ಯತ್ಯಾಸಹೊಂದಿದುದನ್ನು ಗುರುತಿಸಲು ಸಾಧ್ಯವಾಯಿತು. ಬೇರೆಬೇರೆ ಆಳದ ನೀರುಗಳು ಬಿರುಕಿನ ಮೂಲಕ ಬೆರೆತುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು.

ಮುಂಚಿತವಾಗಿ ತಿಳಿಸಬಹುದೇ?—ಇಷ್ಟನ್ನು ಕೇಳಿದವರಿಗೆ, ಬಾವಿಯ ನೀರನ್ನು ನೋಡಿ ಭೂಕಂಪವನ್ನು ಮುಂದಾಗಿ ಹೇಳಬಹುದಲ್ಲವೆ ಎಂಬ ಆಸೆಯು ಹುಟ್ಟುವುದು ಸಹಜ. ಇದರಲ್ಲಿ ಬಹಳ ಎಚ್ಚರಿಕೆಯಿರಬೇಕು. ಚೀನಾ ದೇಶದ ಹೈಚೆಂಗ್ ಪ್ರಾಂತದಲ್ಲಿ ೧೯೭೫ನೆಯ ಇಸವಿ ಫೆಬ್ರವರಿ ೪ರಂದು ಮಹಾಭೂಕಂಪವಾಯಿತು. ಅದಕ್ಕೆ ಮೊದಲು ಸಣ್ಣ ನಡುಕಗಳು ಹೆಚ್ಚಿದ್ದುದನ್ನೂ ಬಾವಿಗಳ ನೀರು ಏರಿಳಿದುದನ್ನೂ ಕಂಡು ಅನೇಕ ಜನರನ್ನು ಮನೆಗಳಿಂದ ಹೊರಡಿಸಿದ್ದುದರಿಂದ ಬಹು ಜೀವಗಳು ಉಳಿದುವು. ಆದರೆ ಮರುವರ್ಷವೇ, ೧೯೭೬ರ ಜುಲೈ ೨೮ರಂದು, ಅದೇ ದೇಶದ ಟಾಂಗ್‌ಶಾನ್ ಪಟ್ಟಣದಲ್ಲಿ ಅಂತಹ ಮುನ್ನೆಚ್ಚರಿಕೆಯು ಯಾವುದೂ ಇಲ್ಲದೆ ಭೂಕಂಪವಾಗಿ ಎರಡು ಲಕ್ಷ ನಾಲ್ವತ್ತು ಸಾವಿರಕ್ಕೂ ಹೆಚ್ಚು ಜನರು ನಾಶವಾದರು.

ಬಾವಿಯ ನೀರಿನ ಗುಣವು ಮಳೆಯಿಂದಲೂ, ಬರದಿಂದಲೂ, ನೆರೆಯ ಕೊಳವೆಬಾವಿಯ ಪಂಪಿನಿಂದಲೂ, ಗೊಬ್ಬರದಿಂದಲೂ, ಚರಂಡಿಯಿಂದಲೂ ಮಾರ್ಪಡುವುದು. ನೀರು ಬದಲಾದಾಗಲೆಲ್ಲ ಭೂಕಂಪವಾಗುವುದಿಲ್ಲ. ಭೂಕಂಪವಾದಾಗಲೆಲ್ಲ ನೀರು ಮೊದಲೇ ಬದಲಾಗುವುದೂ ಇಲ್ಲ. ಐಸ್‌ಲೆಂಡಿನ ಶಾಸ್ತ್ರಜ್ಞರೂ ತಮ್ಮ ಶೋಧನೆಯನ್ನು ಭವಿಷ್ಯವಾಣಿಯೆಂದು ಭಾವಿಸಬಾರದೆಂದು ತಿಳಿಸಿರುವರು. ಆದಕಾರಣ ಇಂತಹ ದಿನ ಇಂತಹ ಊರಿನಲ್ಲಿ ಭೂಮಿ ನಡುಗುವುದೆಂದು ಯಾರಾದರೂ ಸುದ್ದಿ ಹಬ್ಬಿಸಿದರೆ, ಅದನ್ನು ನಂಬಿ ಮನೆಮಠ ದನಕರುಗಳನ್ನು ಬಿಟ್ಟು ಓಡುವ ಕಾರಣವಿಲ್ಲ. ದಿನವನ್ನು ಹೇಳಬಲ್ಲ ಶಾಸ್ತ್ರವು ಇದುವರೆಗೂ ಯಾವ ದೇಶದಲ್ಲಿಯೂ ಇಲ್ಲ.

ಕನ್ನಡನಾಡಿನ ರೈತರಿಗೆ ಇದರಿಂದ ಪ್ರಯೋಜನವೇನು?—ಇಲ್ಲಿನ ಬಹುಭಾಗದ ನೆಲವು ಗಟ್ಟಿಯಾದ ಕಲ್ಲಿನದು. ಬಿಹಾರದಂತೆ ಮರಳು ಉಕ್ಕುವ ಭಯವು ಕಡಿಮೆ. ಆದರೂ ಕಿಲ್ಲಾರಿಯ ಅನುಭವದಿಂದ ಉತ್ತರದ ಜಿಲ್ಲೆಗಳವರು ನಿಶ್ಚಿಂತರಾಗಿರುವಂತಿಲ್ಲ. ೨೦೨೧ರಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿಯೂ ವಿಜಯಪುರ ಜಿಲ್ಲೆಯಲ್ಲಿಯೂ ಸಣ್ಣ ನಡುಕಗಳು ಮೇಲಿಂದ ಮೇಲೆ ಉಂಟಾಗಿ ಜನರು ಭೀತರಾದರು. ಹೆಚ್ಚಾದ ಮಳೆಯ ನೀರು ಶಿಲೆಯ ಸಂದುಗಳಿಗೆ ಇಳಿದು ಒತ್ತಡವನ್ನುಂಟುಮಾಡಿದುದು ಇದಕ್ಕೆ ಕಾರಣವಿರಬಹುದೆಂದು ಬಲ್ಲವರು ಹೇಳಿದರು. ಮೇಲಾಗಿ, ನೀರು ತಾನು ಸಂಚರಿಸಿದ ಕಲ್ಲಿನ ಗುಣವನ್ನು ಹೊತ್ತು ಬರುವುದೆಂಬ ತತ್ತ್ವವು ಭೂಕಂಪವಿಲ್ಲದಾಗಲೂ ಅನ್ವಯಿಸುವುದು. ಬಯಲುಸೀಮೆಯಲ್ಲಿ ಕೊಳವೆಬಾವಿಗಳು ಆಳವಾದಂತೆಲ್ಲ ಹಳೆಯ ನೀರು ಮೇಲೆ ಬರುವುದು. ಗ್ರಾನೈಟ್ ಶಿಲೆಯ ಪ್ರದೇಶದಲ್ಲಿ ಅದು ಹಲವೆಡೆ ಫ್ಲೋರೈಡಿನಿಂದ ಕೂಡಿರುವುದು. ಒಂದು ಲೀಟರು ನೀರಿನಲ್ಲಿ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚಿನ ಫ್ಲೋರೈಡು ಇದ್ದರೆ ಅದು ಕುಡಿಯಲು ಯೋಗ್ಯವಲ್ಲ. ಬಹುಕಾಲ ಕುಡಿದರೆ ಹಲ್ಲುಗಳೂ ಮೂಳೆಗಳೂ ಕೆಡುವುವು. ಆದುದರಿಂದ ಈ ಕೆಳಗಿನ ಅಂಶಗಳನ್ನು ಪ್ರತಿಯೊಂದು ಗ್ರಾಮದವರೂ ಅನುಸರಿಸುವುದು ಹಿತಕರ.

ಮೊದಲನೆಯದಾಗಿ, ಊರಿನಲ್ಲಿ ಒಂದೆರಡು ಬಾವಿಗಳನ್ನು ಗೊತ್ತುಮಾಡಿಕೊಂಡು, ತಿಂಗಳಿಗೊಮ್ಮೆ ಗೊತ್ತಾದ ದಿನದಂದು, ಬೆಳಿಗ್ಗೆ ಪಂಪನ್ನು ನಡೆಸುವುದಕ್ಕೆ ಮೊದಲು, ಬಾವಿಯ ಕಟ್ಟೆಯ ಒಂದು ನಿಶ್ಚಿತವಾದ ಗುರುತಿನಿಂದ ನೀರಿನವರೆಗಿನ ಆಳವನ್ನು ಅಳೆದು ಪುಸ್ತಕದಲ್ಲಿ ಬರೆಯತಕ್ಕದ್ದು. ಗಂಟು ಹಾಕಿದ ಒಂದು ಹಗ್ಗವೂ ಒಂದು ಭಾರವೂ ಇದ್ದರೆ ಸಾಕು. ನೀರಿನ ರುಚಿ, ಬಣ್ಣ, ವಾಸನೆಗಳಲ್ಲಿ ವ್ಯತ್ಯಾಸ ಕಂಡರೆ ಅದನ್ನೂ ತಾರೀಖಿನೊಡನೆ ನಮೂದಿಸಬೇಕು.

ಎರಡನೆಯದಾಗಿ, ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಂದು ಸಲವೂ ಮಳೆಗಾಲ ಮುಗಿದ ಮೇಲೆ ಒಂದು ಸಲವೂ, ನೀರನ್ನು ಪರೀಕ್ಷೆಗೆ ಕಳುಹಿಸುವುದು ಒಳ್ಳೆಯದು. ಪಂಪನ್ನು ಹತ್ತು ಹದಿನೈದು ನಿಮಿಷ ನಡೆಸಿದ ಬಳಿಕ, ಶುಭ್ರವಾದ ಸೀಸೆಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು, ಬಾಯಿಯವರೆಗೆ ತುಂಬಿ ಭದ್ರವಾಗಿ ಮುಚ್ಚಬೇಕು. ಊರು, ಸರ್ವೆ ನಂಬರು, ಬಾವಿಯ ಆಳ, ತಾರೀಖುಗಳನ್ನು ಬರೆದ ಚೀಟಿಯನ್ನು ಅಂಟಿಸಿ, ತಡಮಾಡದೆ ಸಮೀಪದ ಪರೀಕ್ಷಾಲಯಕ್ಕೆ ತಲುಪಿಸಬೇಕು. ಚೀಟಿಯಿಲ್ಲದ ಸೀಸೆಯು ವ್ಯರ್ಥ.

ಮೂರನೆಯದಾಗಿ, ನೆಲವು ಬಲವಾಗಿ ನಡುಗಿದ ತರುವಾಯ ಬಾವಿಯ ನೀರು ಕದಡಿದ್ದರೆ ಅದನ್ನು ಪರೀಕ್ಷಿಸುವವರೆಗೆ ಕುಡಿಯಲು ಉಪಯೋಗಿಸಬಾರದು. ಬೇರೆ ನೀರು ದೊರೆಯದಿದ್ದಲ್ಲಿ ತಿಳಿಯಾಗಲು ಬಿಟ್ಟು, ಸೋಸಿ, ಚೆನ್ನಾಗಿ ಕುದಿಸಿ ಕುಡಿಯಬೇಕು. ಒಡೆದ ಚರಂಡಿಗಳಿಂದ ಹೊಲಸು ಬಾವಿಗೆ ಇಳಿದಿರುವ ಸಂಭವವುಂಟು. ಕುದಿಸುವುದರಿಂದ ರೋಗದ ಕ್ರಿಮಿಗಳು ಸಾಯುವುವೇ ಹೊರತು ಉಪ್ಪೂ ಫ್ಲೋರೈಡೂ ಹೋಗುವುದಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಬಾವಿಯ ಕಲ್ಲುಕಟ್ಟಡವು ಸಡಿಲವಾಗಿರಬಹುದಾದಕಾರಣ ಅದನ್ನು ಪರೀಕ್ಷಿಸದೆ ಯಾರನ್ನೂ ಒಳಕ್ಕೆ ಇಳಿಸಕೂಡದು. ನೀರು ಸವುಳಾಗಿದ್ದರೆ ಪರೀಕ್ಷೆಯ ಫಲವು ತಿಳಿಯುವ ತನಕ ಎಳೆಯ ಪೈರಿಗೆ ಹಾಯಿಸುವುದನ್ನು ನಿಲ್ಲಿಸುವುದು ಲೇಸು. ಎರೆ ಭೂಮಿಯಲ್ಲಿ ಒಮ್ಮೆ ಚೌಳು ಹತ್ತಿದರೆ ಅದನ್ನು ಸರಿಪಡಿಸಲು ಅನೇಕ ವರ್ಷಗಳು ಹಿಡಿಯುವುವು.

ನಾಲ್ಕನೆಯದಾಗಿ, ಬಾವಿ ತೋಡುವಾಗಲೋ ಕಾಲುವೆ ತೆಗೆಯುವಾಗಲೋ ಮಣ್ಣಿನ ಪದರಗಳು ಥಟ್ಟನೆ ತುಂಡಾಗಿರುವುದಾಗಲಿ, ನೆಟ್ಟಗೆ ನಿಂತ ಮರಳಿನ ಪಟ್ಟಿಯಾಗಲಿ, ಜರುಗಿದ ಹಳೆಯ ಗೋಡೆಯಾಗಲಿ ಕಂಡರೆ, ಅದನ್ನು ಕೆಡಿಸುವುದಕ್ಕೆ ಮೊದಲು ಗ್ರಾಮದ ಅಧಿಕಾರಿಗಳ ಮೂಲಕ ಭೂಗರ್ಭ ಇಲಾಖೆಗೆ ತಿಳಿಸಿದರೆ ದೇಶಕ್ಕೆ ಉಪಕಾರವಾಗುವುದು.

ಮೇಲೆ ವಿವರಿಸಿದ ಎಲ್ಲ ದೃಷ್ಟಾಂತಗಳಲ್ಲಿಯೂ ಒಂದು ಅಂಶವು ಸಮಾನವಾಗಿರುವುದು. ಶಿಲ್ಲಾಂಗಿನ ಹೊಳೆಯ ದಡದಲ್ಲಿ ಪದರವು ಕಾಲವನ್ನು ತಿಳಿಸಿತು. ಕೋಬೆಯ ಸೀಸೆಯಲ್ಲಿ ಚೀಟಿಯು ತಿಳಿಸಿತು. ಕೊಯ್ನೆಯಲ್ಲಿ ಹಿಂದಿನ ವರ್ಷಗಳ ಪರೀಕ್ಷೆಯ ಪುಸ್ತಕವು ತಿಳಿಸಿತು. ಮೊದಲಿನ ಸ್ಥಿತಿಯು ಗೊತ್ತಿಲ್ಲದವನಿಗೆ ಬದಲಾವಣೆಯೂ ಗೊತ್ತಾಗುವುದಿಲ್ಲ. ಭೂಮಿಯು ತನ್ನ ಲೆಕ್ಕವನ್ನು ತಪ್ಪದೆ ಬರೆದಿಡುತ್ತಿರುವುದು. ಬಾವಿಯ ಲೆಕ್ಕವನ್ನು ಬರೆದಿಡುವುದು ಮಾತ್ರ ಬಾವಿಯ ಒ‌ಡೆಯನ ಕೆಲಸ. ತಿಂಗಳಿಗೆ ಕಾಲುಗಂಟೆಯ ಈ ಶ್ರಮವು ಭೂಕಂಪವು ಬಂದರೂ ಬಾರದಿದ್ದರೂ ಫಲ ಕೊಡತಕ್ಕುದಾಗಿರುವುದರಿಂದ, ಮುಂಬರುವ ಮುಂಗಾರಿಗೆ ಮೊದಲೇ ಇದನ್ನು ಆರಂಭಿಸುವುದು ಎಲ್ಲ ರೈತರಿಗೂ ಶ್ರೇಯಸ್ಕರವಾದುದು.